ಸಡಿಲಿದ ಹಗ್ಗ

ಶಿಷ್ಯ ಕೇಳಿದ: "ಹಿಮದ ಶಿಖರ ಏರಬೇಕೆಂದು ಮನಸ್ಸು ಎಳೆಯುತ್ತಿದೆ. ಹೆಂಡತಿ ಬೇಡ ಎನ್ನುತ್ತಾಳೆ. ಸಾವಿಗೆ ನಾನು ಹೆದರುವುದಿಲ್ಲ. ಹೆದರದವನು ಇನ್ನೊಬ್ಬರ ಅಪ್ಪಣೆ ಯಾಕೆ ಕೇಳಬೇಕು?"

ಗುರುಗಳು ಒಂದು ಕತೆ ಹೇಳಿದರು.

ಕಡಿದಾದ ಬಂಡೆಯ ಮೇಲಿಂದ ಹಗ್ಗದಲ್ಲಿ ಇಳಿದು ಹೆಜ್ಜೇನು ತೆಗೆಯುವವನೊಬ್ಬನಿದ್ದ. ಆ ಕಸುಬಿನವರಲ್ಲಿ ಒಂದು ಕಟ್ಟಳೆ. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವಳ ಬಾಳು ತನ್ನ ಕೈಯಲ್ಲಿದೆ ಎಂಬುದನ್ನು ಅವನು ಮರೆಯುವುದಿಲ್ಲ. ಸದ್ದಿಗೆ ಜೇನುಹುಳುಗಳು ಕೆರಳುವುದರಿಂದ ಯಾರೂ ಕೂಗುವಂತಿಲ್ಲ. ಬರಿಯ ಹಗ್ಗ ಮೇಲೆ ಬಂದರೆ ಇಳಿದವನು ಸತ್ತನೆಂದೇ ಅರ್ಥ. ಆ ಗಳಿಗೆಯಿಂದಲೇ ಮನೆಗೆ ಸೂತಕ.

ಒಂದು ಮಧ್ಯಾಹ್ನ ಅವನು ನಡುವಿಗೆ ಹಗ್ಗ ಬಿಗಿದುಕೊಂಡ.

"ಬೇಗ ಬಾ ಭಾವ. ತಡಮಾಡಿದರೆ ಅಕ್ಕ ತರುವ ಬುತ್ತಿಯಲ್ಲಿ ನಿನ್ನ ಪಾಲೂ ನನ್ನದೇ," ಎಂದ ಹೆಂಡತಿಯ ತಮ್ಮ.

"ತಿನ್ನು. ನೀನು ದಪ್ಪಗಿದ್ದಷ್ಟೂ ನನಗೆ ಕ್ಷೇಮ," ಎಂದು ಅವನು ಇಳಿದ.

ಬಂಡೆಯ ನಡುವೆ ಒಂದು ಕಿರಿದಾದ ಅಂಚು. ಹುಳು ಓಡಿಸಲು ಹಾಕಿದ ಹೊಗೆಯೂ ಮಂಜೂ ಬೆರೆತಿದ್ದವು. ಹುಳುಗಳ ಮೊರೆತ ಕಿವಿ ತುಂಬಿ, ಆಮೇಲೆ ಕೇಳಿಸದಾಯಿತು. ಅಂಚಿನ ಕೊನೆಯಲ್ಲಿ ಅವನು ಎಂದೂ ಕಾಣದಷ್ಟು ದೊಡ್ಡ ಜೇನುಹುಟ್ಟು. ಹಗ್ಗ ಅಲ್ಲಿಯವರೆಗೆ ಎಟುಕದು. ಅವನು ಗಂಟು ಬಿಚ್ಚಿದ. ಭಯವಾಗಲಿಲ್ಲ. ನಿದ್ದೆಯಲ್ಲಿ ನಡೆದಂತೆ ನಡೆದು ಹುಟ್ಟಿನ ಕೆಳಗೆ ಕುಳಿತ. ಕಣಿವೆ ಮೆಲ್ಲನೆ ಮೇಲೇರಿ ಬರುತ್ತಿರುವಂತೆ ಕಂಡಿತು. ತಾನು ಯಾರ ಗಂಡ, ಯಾರ ಅಪ್ಪ ಎಂಬುದು ಯಾವಾಗಲೋ ಕೇಳಿದ ಕತೆಯಂತೆ ದೂರವಾಯಿತು. ಇಷ್ಟು ಹಗುರವಾಗಿ ಅವನು ಎಂದೂ ಇರಲಿಲ್ಲ.

ಬಿಸಿಲು ಕೆಂಪಾದಾಗ ಚಳಿಗೆ ಎಚ್ಚರವಾಯಿತು. ಮರಳಿ ಬಂದು ನೋಡಿದರೆ ಹಗ್ಗ ಬಿಟ್ಟಲ್ಲೇ ತೂಗುತ್ತಿತ್ತು. ಕಟ್ಟಿಕೊಂಡು ಜಗ್ಗಿದ. ಹಗ್ಗ ಒಮ್ಮೆ ನಡುಗಿತು. ಆಮೇಲೆ ಅವನನ್ನು ಎಳೆಯತೊಡಗಿತು.

ಮೇಲೆ ಹೆಂಡತಿಯೂ ಇದ್ದಳು. ಬುತ್ತಿ ತಂದವಳು ತಮ್ಮನ ಹಿಂದೆ ಕಾಲೂರಿ ಕುಳಿತು ಹಗ್ಗ ಹಿಡಿದಿದ್ದಳು. ತಮ್ಮ ಅಳುತ್ತಿದ್ದ.

"ಆಗಲೇ ಹಗ್ಗದ ಭಾರ ಹೋಯಿತು ಭಾವ. ಇನ್ನೇನಿದೆ, ಹಗ್ಗ ಎಳೆದುಬಿಡೋಣ ಎಂದೆ. ಅಕ್ಕ ಎಳೆಯಗೊಡಲಿಲ್ಲ."

ಅವಳ ಬಳೆಗಳು ಪಕ್ಕದ ಕಲ್ಲಿನ ಮೇಲಿದ್ದವು.

"ಬಳೆ ಯಾಕೆ ತೆಗೆದೆ?" ಎಂದು ಅವನು ಕೇಳಿದ.

"ಹಗ್ಗಕ್ಕೆ ತಾಗುತ್ತಿದ್ದವು," ಎಂದಳು. "ನಡಿ, ಮಗು ಎದ್ದಿರುತ್ತದೆ."

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಕಾದು ನೋಡಿ, "ಕೊನೆಗೆ ಅವನಿಗೆ ಏನೂ ಆಗಲಿಲ್ಲವಲ್ಲ!" ಎಂದ.

ಗುರುಗಳೆಂದರು: "ಅವನು ಹೆದರದ ಸಾವು ಅಂದು ಬಂದಿತ್ತು, ಸಂಜೆಯವರೆಗೆ ಅದರ ಜೊತೆ ಕುಳಿತಿದ್ದವಳು ಅವಳು."