ಗೌಡರು ಆರಿಸಿದ ಮರಿ

ವೀರನಗೌಡರು ದೂರದಿಂದ ಬೋಯರ್ ಎಂಬ ವಿದೇಶಿ ಜಾತಿಯ ಹೋತವನ್ನೂ ನಾಲ್ಕು ಆಡುಗಳನ್ನೂ ತಂದರು. ಆ ಹೋತ ಗೌಡರಲ್ಲಿ ಮೊದಲಿನಿಂದ ಇದ್ದ ನಾಟಿ ಕರಿ ಆಡುಗಳ ಜೊತೆಗೂ ಕೂಡಿತು. ಎರಡೂ ಕಡೆ ಹುಟ್ಟಿದ ಮರಿಗಳಿಗೆಲ್ಲ ಅಪ್ಪನದೇ ಬಣ್ಣ, ಬಿಳಿ ಮೈ, ಕಂದು ತಲೆ.

"ನಮ್ಮಲ್ಲಿ ಶುದ್ಧ ಜಾತಿ ಅಷ್ಟ ಇರಬೇಕು. ಕರಿ ಆಡು, ಅವುಗಳ ಮರಿ ಎಲ್ಲಾ ನಾಳೆ ಸಂತಿಗೆ ಹೊಡಿ," ಎಂದರು ಗೌಡರು.

ಆಡು ಕಾಯುವ ಹುಲಿಗೆವ್ವ ಕೈಯಲ್ಲಿದ್ದ ಕೋಲನ್ನು ನೆಲಕ್ಕೂರಿದಳು. ಕರಿ ಆಡುಗಳನ್ನು ಸಾಕಿ ಬೆಳೆಸಿದವಳು ಅವಳೇ.

"ಆಗಲಿರಿ. ಆದ್ರ ಚಲೋ ಮರಿ ನೀವ ಆರಿಸ್ರಿ. ಅದರ ತಾಯಿನ್ನ ಉಳಿಸ್ಕೊಳ್ಳೋಣು."

ಗೌಡರು ಒಪ್ಪಿದರು. ಅವಳು ತಾಯಿ ಆಡುಗಳನ್ನು ಕೂಡಿಹಾಕಿ, ಮಟಮಟ ಮಧ್ಯಾಹ್ನ ಮರಿಗಳನ್ನಷ್ಟೇ ಕಲ್ಲುಗುಡ್ಡಕ್ಕೆ ಬಿಟ್ಟಳು. ಕೆಲವು ಏದುಸಿರು ಬಿಡುತ್ತ ಜಾಲಿ ನೆರಳಲ್ಲಿ ಮಲಗಿದವು. ಒಂದು ಮರಿ ಬಂಡೆಯಿಂದ ಬಂಡೆಗೆ ಹಾರಿ ತುದಿ ಮುಟ್ಟಿತು.

"ನೋಡು, ಶುದ್ಧ ರಕ್ತ ಅಂದ್ರ ಹಿಂಗಿರ್ತದ," ಗೌಡರು ಮೀಸೆ ತಿರುವಿದರು. "ಅದ ಇರಲಿ."

ಹುಲಿಗೆವ್ವ ತಾಯಿ ಆಡುಗಳನ್ನು ಬಿಟ್ಟಳು. ಆ ಮರಿ ಓಡಿಬಂದು ಕರಿ ಆಡಿನ ಕೆಚ್ಚಲಿಗೆ ಬಾಯಿ ಹಾಕಿತು.

ಗೌಡರ ಕೈ ಮೀಸೆಯಿಂದ ಕೆಳಗಿಳಿಯಿತು. "ಇನ್ನೊಂದು ಆರಿಸ್ಲೇನು?"

"ಆರಿಸ್ರಿ."

ಎರಡನೆಯದೂ ಮೂರನೆಯದೂ ಕರಿ ಆಡುಗಳತ್ತಲೇ ಓಡಿದವು. ಗೌಡರಿಗೆ ನಗು ತಡೆಯಲಾಗಲಿಲ್ಲ.

"ಸಂತಿ ಬ್ಯಾಡ ಬಿಡು. ಇವಕ್ಕೂ ಒಂದು ಕೊಟ್ಟಿಗಿ ಕಟ್ಟಿಸೋಣು."

"ದೊಡ್ಡದ ಕಟ್ಟಿಸ್ರಿ," ಎಂದಳು ಹುಲಿಗೆವ್ವ. "ಇನ್ನೂ ಆರು ಕರಿ ಆಡು ಗಬ್ಬ ಅದಾವು."