ಬಂಡಿ ಕಟ್ಟದೆ ತಿದ್ದಿದ ಕ್ಲಚ್ಚು

"ಬುದ್ಧಿ, ದಾಸೋಹದಲ್ಲಿ ಬಡಿಸುವ ಕೆಲಸದಿಂದ ನನ್ನನ್ನು ಬಿಡಿಸಬಾರದೇ?" ಎಂದು ಶಿಷ್ಯ ಶಂಭುಲಿಂಗ ಗುರುಗಳನ್ನು ಕೇಳಿದ. "ಕೋಣೆಯಲ್ಲಿ ಒಬ್ಬನೇ ಕೂತರೆ ಮನಸ್ಸು ತಣ್ಣಗಿರುತ್ತದೆ. ಪಂಕ್ತಿಗೆ ಹೋದೆನೋ, ಮುಗಿಯಿತು. ಒಬ್ಬ ಸಾರು ಆರಿದೆ ಎನ್ನುತ್ತಾನೆ. ಇನ್ನೊಬ್ಬ ಈ ಅನ್ನ ಬೇಡ, ಬಿಸಿಯದು ತಾ ಎನ್ನುತ್ತಾನೆ. ಮೈಯೆಲ್ಲ ಉರಿಯುತ್ತದೆ. ನನ್ನ ಸಾಧನೆಯೇ ಕೆಡುತ್ತಿದೆ."

ಇದೇ ಮಾತನ್ನು ಅವನು ಮೊನ್ನೆಯೂ ಕೇಳಿದ್ದ. ಗುರುಗಳಿಗೆ ರೇಗಿತು. ಅಯ್ಯೋ ಶಿವನೇ, ಇವನ ಜೊತೆ ಎಷ್ಟು ಅಂತ ಹೆಣಗುವುದು! ಬೈದರೆ ಮುಖ ಊದಿಸಿಕೊಳ್ಳುತ್ತಾನೆ, ತಿಳಿಹೇಳಿದರೆ ತಲೆಯಾಡಿಸಿ ಹೋಗಿ ನಾಳೆ ಮತ್ತೆ ಬರುತ್ತಾನೆ.

"ಕೂತುಕೋ. ಬಾಯಿ ಮುಚ್ಚಿಕೊಂಡು ಕೇಳು," ಎಂದರು.

ಹಿಮ ಬೀಳುವ ಬೆಟ್ಟದೂರಿನಲ್ಲಿ ಒಬ್ಬ ಗಾಡಿಯವನಿದ್ದ. ಅವನ ಬಳಿ ಹಿಮದ ಮೇಲೆ ಓಡುವ ಹಳೆಯ ಮೋಟಾರು ಗಾಡಿಯೊಂದಿತ್ತು. ಚಳಿಗಾಲದಲ್ಲಿ ರಸ್ತೆ ಮುಚ್ಚಿದ ಮೇಲೆ ಊರಿಗೆ ಅದೊಂದೇ ಗತಿ. ಯಾರಿಗೇ ಕಾಯಿಲೆಯಾಗಲಿ, ಗಾಡಿಯ ಹಿಂದೆ ಜಾರುಬಂಡಿ ಕಟ್ಟಿ, ಅದರಲ್ಲಿ ಮಲಗಿಸಿ, ಗುಡ್ಡದ ಏರು ದಾಟಿಸಿ ಆಚೆಯ ಆಸ್ಪತ್ರೆಗೆ ಮುಟ್ಟಿಸಬೇಕು.

ಬರಬರುತ್ತ ಕ್ಲಚ್ಚು ಸೋತಿತು. ಎಂಜಿನ್ ಕೂಗುತ್ತಿತ್ತು, ಗಾಡಿ ತೆವಳುತ್ತಿತ್ತು. ಗಾಡಿಯವನು ಕ್ಲಚ್ಚು ಬಿಚ್ಚಿ ಸ್ಪ್ರಿಂಗು ಬದಲಿಸಿದ. ವೇಗ ಏರಿದಂತೆ ಗೇರು ಏರಿಸುವ ಒಳಗಿನ ತೂಕಗಳನ್ನು ತೆಗೆದು ಇನ್ನೂ ಭಾರದವನ್ನು ಹಾಕಿದ. ಊರ ಮುಂದಿನ ಬಯಲಿನಲ್ಲಿ ಓಡಿಸಿದ. ಗಾಡಿ ಬಾಣದ ಹಾಗೆ ಹೋಯಿತು. ಅವನಿಗೆ ಹಿಗ್ಗೋ ಹಿಗ್ಗು! ದಿನಾ ಒಂದಿಷ್ಟು ತಿದ್ದುವುದು, ಬಯಲಿನಲ್ಲಿ ಓಡಿಸುವುದು, ನೋಡಿದವರಿಂದ ಭಲೇ ಎನ್ನಿಸಿಕೊಳ್ಳುವುದು. ಇದೇ ಕೆಲಸವಾಯಿತು.

ಅವನ ಅಣ್ಣ ನೋಡಿ ನೋಡಿ ಬೇಸತ್ತ. "ಲೋ, ಬಯಲಿನಲ್ಲಿ ಕುಣಿದದ್ದು ಸಾಕು. ಬಂಡಿ ಕಟ್ಟು, ನಾಲ್ಕು ಮೂಟೆ ಹೇರು, ಏರು ಹತ್ತಿಸಿ ನೋಡು," ಎಂದ.

"ನಿನಗೆ ಗೊತ್ತಾಗಲ್ಲ, ಸುಮ್ಮನಿರಣ್ಣ. ಬಂಡಿ ಕಟ್ಟಿದರೆ ಎಂಜಿನ್ನಿನ ಲಯ ಕೆಡುತ್ತದೆ," ಎಂದ ತಮ್ಮ.

ಗುರುಗಳು ನಿಲ್ಲಿಸಿ ಶಿಷ್ಯನ ಮುಖ ನೋಡಿದರು. ಅವನು ತಲೆದೂಗುತ್ತಿದ್ದ. ಗಾಡಿಯವನ ಮಾತು ಅವನಿಗೆ ಪೂರ್ತಿ ಒಪ್ಪಿಗೆಯಾಗಿತ್ತು. ಗುರುಗಳು ಹಣೆ ಚಚ್ಚಿಕೊಂಡು ಕತೆ ಮುಂದುವರಿಸಿದರು.

ಒಂದು ದಿನ ಕಾಡಿನಲ್ಲಿ ಮರ ಉರುಳಿ ಅಣ್ಣನ ಕಾಲು ಜಜ್ಜಿಹೋಯಿತು. ತಡವಾದರೆ ಕಾಲು ಉಳಿಯುವಂತಿರಲಿಲ್ಲ. ತಮ್ಮ ಬಂಡಿ ಕಟ್ಟಿ ಅವನನ್ನು ಮಲಗಿಸಿ ಹೊರಟ. ಬಯಲು ದಾಟುವ ತನಕ ಎಲ್ಲ ಚೆನ್ನಾಗಿತ್ತು. ಏರಿಗೆ ಬಂದದ್ದೇ ತಡ, ಘಾಟಿಯಲ್ಲಿ ಬೈಕನ್ನು ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗಾಯಿತು. ಎಂಜಿನ್ ಕುಸಿಯಿತು. ಕ್ಲಚ್ಚಿನ ಬೆಲ್ಟು ಜಾರಿ ಜಾರಿ, ಸುಟ್ಟು, ತುಂಡಾಯಿತು. ತಮ್ಮ ಹಿಮದಲ್ಲಿ ಕುಸಿದು, "ಅಣ್ಣಾ, ಬಯಲಿನಲ್ಲಿ ಚೆನ್ನಾಗಿ ಓಡುತ್ತಿತ್ತಲ್ಲ!" ಎಂದು ಗೋಳಾಡಿದ. ಊರವರು ಓಡಿಬಂದು ಬಂಡಿಯನ್ನು ಹಗ್ಗ ಹಾಕಿ ಎಳೆದರು. ಆಸ್ಪತ್ರೆ ಮುಟ್ಟುವಾಗ ಹೊತ್ತು ಮೀರಿತ್ತು. ವೈದ್ಯರು ಕಾಲನ್ನೇ ತೆಗೆಯಬೇಕಾಯಿತು.

ಗುರುಗಳು ಕತೆ ಮುಗಿಸಿದರು. ಶಂಭುಲಿಂಗ ಲೊಚಗುಟ್ಟಿದ. "ಪಾಪ! ಅಷ್ಟು ಚೆನ್ನಾಗಿ ತಿದ್ದಿಟ್ಟಿದ್ದ, ಬುದ್ಧಿ. ಹಿಂದಿನ ಆ ಭಾರವೊಂದು ಬಂದು ಎಲ್ಲ ಕೆಡಿಸಿತು," ಎಂದ.

ಗುರುಗಳಿಗೆ ಈಗ ಸಿಟ್ಟೂ ಬರಲಿಲ್ಲ. ಅವರು ಅವನನ್ನೇ ನೋಡುತ್ತ ಹೇಳಿದರು:

"ಅದು ಭಾರವಲ್ಲವೋ, ಅವನ ಅಣ್ಣ."