ಕರೇಕಲ್ಲಿನ ಗುಡ್ಡ ಕದ್ದವರು

"ಕೇಳಿರಪ್ಪೋ ಕೇಳಿ! ಕರೇಕಲ್ಲಿನ ದೊರೆಗಳ ಅಪ್ಪಣೆ! ಕೋಟೆಯ ಪಡುವಣ ಬುರುಜು ಕುಸಿದಿದೆ. ಕೆಡವಿದ ಕಳ್ಳರ ಬಗ್ಗೆ ದೊರೆಗಳು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಇವತ್ತು ಹೊತ್ತು ಮುಳುಗುವಾಗ ಉರುಳುತ್ತದೆ. ಯಾರೂ ಬಿಡಿಸದಿದ್ದರೆ ಬುರುಜು ಕಟ್ಟಿದ ಮಾರಪ್ಪನೇ ಕಳ್ಳ!"

ಡಂಗುರ ಕೇಳಿ ಮಾರಪ್ಪನ ಮಗ ಗಾದ್ರಿಯ ಕೈಯಿಂದ ಸುತ್ತಿಗೆ ಜಾರಿತು. ಬಂಡೆ ಒಡೆಯುವವನಾದರೂ ಗಾದ್ರಿ ಮಹಾ ಪುಕ್ಕಲ, ಓತಿಕ್ಯಾತ ತಲೆಯಾಡಿಸಿದರೂ ಎರಡು ಹೆಜ್ಜೆ ಹಿಂದೆ ಸರಿಯುವ ಆಸಾಮಿ. ಆದರೆ ಸೆರೆಯಲ್ಲಿದ್ದವನು ಹೆತ್ತ ಅಪ್ಪ. ನಡುಗುತ್ತಲೇ ಕೋಟೆ ಹತ್ತಿದ.

ಅಂಗಳದಲ್ಲಿ ತಲೆ ಕಡಿಯುವ ಕೊರಡು ಸಿದ್ಧವಾಗಿತ್ತು. ಪಕ್ಕದಲ್ಲಿ ಮಾರಪ್ಪನನ್ನು ಕಟ್ಟಿಹಾಕಿದ್ದರು. ದೊರೆ ಮೊದಲ ಒಗಟು ಕೇಳಿದ: "ಕೈಯಿಲ್ಲ, ಉಳಿಯಿಲ್ಲ. ಬುರುಜಿನ ಕೆಳಗಿನ ನನ್ನ ಬಂಡೆಯನ್ನು ಸೀಳಿದವರು ಯಾರು?"

ಒಬ್ಬ ಜೋಯಿಸ ಮುಂದೆ ಬಂದು, "ಶನಿಯ ವಕ್ರದೃಷ್ಟಿ, ಪ್ರಭು" ಎಂದ.

"ಶನಿಯ ಕಣ್ಣು ನನ್ನ ಬಂಡೆಯ ಮೇಲೆ ಮಾತ್ರ ಬಿತ್ತೋ? ಕಟ್ಟಿರಿ!"

ಮೀಸೆ ತಿರುವಿಕೊಂಡು ಬಂದ ದಳವಾಯಿ, "ಪಕ್ಕದ ಸೀಮೆಯ ಪಾಳೆಯಗಾರ" ಎಂದ.

"ಅವನಿಗೆ ಎರಡು ಕೈ ಇವೆಯಲ್ಲ. ಕಟ್ಟಿರಿ!"

ದಳವಾಯಿ ಅಳತೊಡಗಿದ. ಗಾದ್ರಿ ಓಡಿಬಿಡೋಣವೆಂದು ತಿರುಗಿದರೆ ಬಾಗಿಲಲ್ಲಿ ಭರ್ಜಿಗಳು. ಹೊತ್ತು ಇಳಿಯುತ್ತಿತ್ತು.

"ನೀನು ಯಾರು?" ದೊರೆ ಕೇಳಿದ.

"ಮಾ... ಮಾರಪ್ಪನ ಮಗ, ಬುದ್ಧಿ. ಬಂಡೆ ಸೀಳಿದ್ದು ಬಿಸ್ಲು, ಮಳೆ. ನಾವು ಬಂಡೆ ಮೇಲೆ ಬೆಂಕಿ ಹಾಕಿ ಕಾಯಿಸ್ತೀವಿ, ಆಮೇಲೆ ತಣ್ಣೀರು ಸುರೀತೀವಿ. ಪಟ್ ಅಂತ ಸೀಳ್ತೈತೆ. ಅವೂ ಅದನ್ನೇ ಮಾಡ್ತವೆ. ನಮ್ಗೆ ಒಂದು ದಿನ ಸಾಕು, ಅವು ಸಾವಿರ ವರ್ಷ ತಗೊಳ್ತವೆ."

ಬಂಡೆಯೇ ಬಿರಿದರೆ ಮೇಲಿನ ಬುರುಜು ನಿಂತೀತೇ? ದೊರೆ ಹುಬ್ಬು ಗಂಟಿಕ್ಕಿದ. "ಸರಿ. ಕಾಲಿಲ್ಲದೆ ಓಡಿದವರು, ಹೆಗಲಿಲ್ಲದೆ ನನ್ನ ಗುಡ್ಡವನ್ನು ಹೊತ್ತೊಯ್ದವರು ಯಾರು?"

"ಹಳ್ಳ, ಬುದ್ಧಿ. ಮಳೇಲಿ ಕೆಂಪಗೆ ಓಡ್ತೈತಲ್ಲ, ಆ ಕೆಂಪೇ ಗುಡ್ಡ."

"ಕೊನೆಯದು. ಕದ್ದ ಗುಡ್ಡ ಈಗ ಯಾರ ಮನೆಯಲ್ಲಿದೆ?"

ಗಾದ್ರಿಗೆ ಉತ್ತರ ಗೊತ್ತಿತ್ತು, ಅದೇ ಅವನ ಹೆದರಿಕೆ. ಸುಳ್ಳು ಹೇಳಿದರೆ ತಲೆ ಹೋಗುತ್ತದೆ, ನಿಜ ಹೇಳಿದರೂ ಹೋಗಬಹುದು. ಅಪ್ಪ ಅವನನ್ನೇ ನೋಡುತ್ತಿದ್ದ. ಗಾದ್ರಿ ಕಣ್ಣು ಮುಚ್ಚಿಕೊಂಡ.

"ತಮ್ಮ ಮನೇಲಿ, ಬುದ್ಧಿ."

ಕತ್ತಿಗಳು ಒರೆಯಿಂದ ಹೊರಬಂದವು.

"ಗುಡ್ಡದ ಮಣ್ಣು ಕೆಳಗಿನ ಬಯಲಲ್ಲಿ ನಿಂತು ಗದ್ದೆ ಆಗೈತೆ," ಗಾದ್ರಿ ಒಂದೇ ಉಸಿರಿಗೆ ಒದರಿದ. "ಅಲ್ಲಿ ಬೆಳೆದ ಅನ್ನ ತಾವು ಉಣ್ತೀರಿ. ಒಂದು ಹಿಡಿ ಮಣ್ಣು ತರ್ಸಿ ನೋಡಿ. ನಮ್ಮ ಬಂಡೇಲಿರೋ ಕಾಗೆಬಂಗಾರ ಅದ್ರಲ್ಲೂ ಮಿಂಚ್ತೈತೆ!"

ಕುದುರೆ ಸವಾರ ಮಣ್ಣು ತರುವಷ್ಟರಲ್ಲಿ ಸೂರ್ಯ ಕೋಟೆಗೋಡೆಗೆ ತಾಗಿದ್ದ. ಆ ಹೊತ್ತು ಗಾದ್ರಿ ಬದುಕಿದ್ದದ್ದೇ ಹೆಚ್ಚು. ದೊರೆ ಮಣ್ಣನ್ನು ಅಂಗೈಯಲ್ಲಿ ಉಜ್ಜಿದ. ಕಾಗೆಬಂಗಾರದ ಚೂರುಗಳು ಫಳಫಳ ಹೊಳೆದವು.

"ಕಳ್ಳತನದ ಮಾಲು ತಿಂದವನು ನಾನೇ. ಎಲ್ಲರನ್ನೂ ಬಿಡಿ," ಎಂದ ದೊರೆ. "ನಿನಗೇನು ಬೇಕೋ ಕೇಳು."

"ಅಪ್ಪ ಬೇಕು," ಎಂದ ಗಾದ್ರಿ. ಮತ್ತೆ, ತನಗೇ ಆಶ್ಚರ್ಯವಾಗುವಂತೆ, "ಹೊಸ ಬುರುಜೂ ಒಂದು ದಿನ ಬೀಳ್ತೈತೆ, ಬುದ್ಧಿ. ಆಗ ಯಾರ ತಲೇನೂ ಕೇಳ್ಬಾರ್ದು" ಎಂದ.

"ಹಾಗೆಂದು ಕಲ್ಲಿನಲ್ಲೇ ಕೆತ್ತು. ಕಲ್ಲಿನ ಮಾತು ಶಾಶ್ವತ."

ಶಾಶ್ವತವೇ? ಅಕ್ಷರಗಳನ್ನೂ ಮಳೆ ತಿನ್ನುತ್ತದಲ್ಲ ಎಂಬ ಮಾತು ಗಾದ್ರಿಯ ಬಾಯಿಗೆ ಬಂತು. ಮಾರಪ್ಪ ಮಗನ ರಟ್ಟೆ ಚಿವುಟಿದ. ಗಾದ್ರಿ ಮಾತು ನುಂಗಿಕೊಂಡು ತಲೆಬಾಗಿದ. ಮರುದಿನವೇ ಉಳಿ ಹಿಡಿದು ಕೂತು, ಪ್ರತಿ ಅಕ್ಷರವನ್ನೂ ಬೇಕಾದದ್ದಕ್ಕಿಂತ ಒಂದು ಬೆರಳು ಆಳವಾಗಿಯೇ ಕೆತ್ತಿದ.